ಕಪ್ಪು ತಲೆ ಹುಳದಿಂದ ಹೊರಬಂದ ಕಣಜಗಳ ಕುಲ (ಜೀನಸ್) ಗುರುತಿಸುವುದು ಹೇಗೆ?

ಪ್ರಶ್ನೆ: ಕಪ್ಪು ತಲೆ ಹುಳು ಹತ್ತಿದ ತೆಂಗಿನ ಗರಿಗಳನ್ನು ಡಬ್ಬಿಯಲ್ಲಿ ಇಟ್ಟಿದ್ದೆ. ಹುಳದಿಂದಲೂ ಕೋಶದಿಂದಲೂ (ಪ್ಯೂಪಾ) ನಾಲ್ಕೈದು ಬಗೆಯ ಪರಾವಲಂಬಿ ಕಣಜಗಳು ಬಂದಿವೆ. ಕೈಲಿರುವುದು 10 ಪಟ್ಟಿನ ಲೆನ್ಸ್. ಏನನ್ನು ನೋಡಬೇಕು?

— ಬಣ್ಣ ನಂಬಬೇಡಿ ಸರ್, ಮೊದಲು ಹಿಂಗಾಲು ನೋಡಿ. ತೊಡೆ ಊದಿಕೊಂಡು ಕೆಳ ಅಂಚಿಗೆ ಹಲ್ಲಿನ ಸಾಲಿದ್ದರೆ ಬಹುಪಾಲು ಬ್ರಾಕಿಮೇರಿಯಾ. ಒಂದು ಕೋಶಕ್ಕೆ ಒಂದೇ ಬರುತ್ತೆ. ಆಂಟ್ರೊಸೆಫಲಸ್‌ಗೂ ಇಂಥದೇ ತೊಡೆ, ಎಡವುವುದು ಇಲ್ಲೇ. ತೊಡೆಯ ಮುಂದಿನ ಭಾಗವಾದ ಟಿಬಿಯಾದ ತುದಿ ಓರೆಯಾಗಿ ಮುಳ್ಳಿನಂತೆ ಚಾಚಿದ್ದರೆ ಬ್ರಾಕಿಮೇರಿಯಾ. ನೇರವಾಗಿ ಕತ್ತರಿಸಿದಂತಿದ್ದು ಎರಡು ಕಿರುಮುಳ್ಳಿದ್ದರೆ ಆಂಟ್ರೊಸೆಫಲಸ್ ಗುಂಪು. ಇನ್ನು ಹಿಂಗಾಲಿನ ಬುಡವೇ ತಟ್ಟೆಯಂತೆ ಅಗಲವಾಗಿದ್ದು, ಟಿಬಿಯಾ ಮೇಲೆ ಕಪ್ಪು ರೋಮಗಳು ವಜ್ರಾಕಾರದಲ್ಲಿ ಕೂತಿದ್ದರೆ ಎಲಾಸ್ಮಸ್. ಗಂಡಿನ ಮೀಸೆ (ಆಂಟೆನಾ) ಕವಲೊಡೆದಿರುತ್ತೆ.

— ಹುಳದಿಂದ ಬಂದವಕ್ಕೆ ತಲೆ ನೋಡಬೇಕು. ಇರುವೆಯಂತೆ ಕಪ್ಪಗೆ, ತಲೆ ಚಪ್ಪಟೆಯಾಗಿ ಬಾಯಿ ಮುಂದಕ್ಕೆ ಚಾಚಿದ್ದರೆ ಗೋನಿಯೋಜಸ್. ಮೀಸೆಯಲ್ಲಿ 13 ಗಣ್ಣು. ಎದುರಿನಿಂದ ನೋಡಿದಾಗ ದವಡೆಯ ಮೇಲೆ ದುಂಡನೆಯ ಗುಳಿ ಕಂಡರೆ ಬ್ರಾಕಾನ್. ಅಪಾಂಟೆಲಿಸ್‌ಗೆ ಆ ಗುಳಿಯಿಲ್ಲ, ಮೀಸೆಗೆ 18 ಗಣ್ಣು. ಆದರೆ ಅದರ ಹತ್ತಿರದ ಕುಲ ಕೊಟೇಸಿಯಾಕ್ಕೂ 18 ಇರುವುದರಿಂದ ಎಣಿಕೆಯಷ್ಟೇ ಸಾಲದು. ಹೆಣ್ಣಿನ ಮೊಟ್ಟೆಯಿಡುವ ಸೂಜಿಯ ಒರೆ ಉದ್ದವಾಗಿದ್ದು ಪೂರ್ತಿ ರೋಮವಿದ್ದರೆ ಅಪಾಂಟೆಲಿಸ್ ಕಡೆ, ಗಿಡ್ಡವಾಗಿ ತುದಿಯಲ್ಲಷ್ಟೇ ರೋಮವಿದ್ದರೆ ಕೊಟೇಸಿಯಾ ಕಡೆ. ಇದಕ್ಕೆ ನಿಮ್ಮ ಲೆನ್ಸ್ ಆಗಲ್ಲ, 40 ಪಟ್ಟಿನ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು.

— ಹಳದಿ ಮೈಗೆ ಕಪ್ಪು ಚುಕ್ಕೆಯ ದೊಡ್ಡದು ಕ್ಸಾಂಥೊಪಿಂಪ್ಲಾ ಇರಬಹುದು. (ಬಣ್ಣ ಕೆಲಸಕ್ಕೆ ಬರುವುದು ಇಲ್ಲೊಂದರಲ್ಲೇ!) ಒಂದೇ ಕೋಶದಿಂದ ಹತ್ತಾರು ಪುಟಾಣಿಗಳು ಬಂದು, ಪಾದದಲ್ಲಿ ನಾಲ್ಕೇ ಗಣ್ಣಿದ್ದರೆ ಯೂಲೋಫಿಡೆ ಕುಟುಂಬ. ಅಲ್ಲಿಂದ ಮುಂದೆ ಟ್ರೈಕೋಸ್ಪೈಲಸ್ಸೋ ಟೆಟ್ರಾಸ್ಟಿಕಸ್ಸೋ ಅನ್ನಲು ಮೈಕ್ರೋಸ್ಕೋಪಿಗೆ ಗಾಜಿನ ಸ್ಲೈಡ್ ಮಾಡಲೇಬೇಕು.

— ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಯಾವುದು ಯಾವುದರಿಂದ ಬಂತೆಂದು ಹೇಳಲಾಗದು. ಕಣಜವನ್ನೇ ತಿನ್ನುವ ಕಣಜಗಳೂ ಇವೆ, ಅವನ್ನು ಹುಳದ ಶತ್ರು ಅಂತ ಬರೆದುಕೊಂಡುಬಿಡುತ್ತೇವೆ. ಮುಂದಿನ ಸಲ ಒಂದೊಂದು ಹುಳ, ಕೋಶವನ್ನು ಬೇರೆ ಬೇರೆ ಸೀಸೆಗೆ ಹಾಕಿ ಬಾಯಿಗೆ ಹತ್ತಿ ತುರುಕಿ. ಹೊರಬಂದ ಕೂಡಲೇ ಕೊಲ್ಲಬೇಡಿ. ಒಂದು ದಿನ ಬಿಟ್ಟರೆ ಮೈ ಗಟ್ಟಿಯಾಗುತ್ತೆ. ಆಮೇಲೆ ಶೇ. 70 ಆಲ್ಕೋಹಾಲಿಗೆ ಹಾಕಿ. ಯೂಲೋಫಿಡೆಯವನ್ನು ಹಾಗೇ ಒಣಗಿಸಿದರೆ ತಲೆ ಮುದುಡಿ ಏನೂ ಕಾಣಲ್ಲ. ಊರು, ದಿನಾಂಕ, ಹುಳದಿಂದಲೋ ಕೋಶದಿಂದಲೋ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಒಳಗೇ ಇರಲಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತೆ. ಖಾಲಿ ಗೂಡನ್ನೂ ಹುಳದ ಸಿಪ್ಪೆಯನ್ನೂ ಎಸೆಯದೆ ಅದೇ ನಂಬರು ಹಾಕಿ ತೆಗೆದಿಡಿ.