‘ಪೊಲೀಸರಿಗಾಗಿ ಪ್ರಾರ್ಥನೆ’: ‘ಗಾಗಿ’ಯ ಅರ್ಥ ಮತ್ತು ಕೌಂಟಿ ಹುದ್ದೆಗಳ ಕನ್ನಡ ಹೆಸರು

ಮಾನ್ಯರೇ,

ಟೆಕ್ಸಸ್‌ನಲ್ಲಿರುವ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ ಊರಿನ ಪೊಲೀಸರನ್ನೂ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಆಡಳಿತ ನಡೆಸುವವರನ್ನೂ ನೆನೆದು ಪ್ರಾರ್ಥಿಸುವ ರೂಢಿಯಿದೆ. ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಬೇಕೆಂದು ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿರುವ ಮಾತೇ ಇದಕ್ಕೆ ಆಧಾರ. ಇಂಗ್ಲಿಷಿನ ಪ್ರಾರ್ಥನಾ ಪಟ್ಟಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಕೆಲವು ಪದಗಳ ಬಗ್ಗೆ ಬಲ್ಲವರನ್ನು ಕೇಳುತ್ತಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ‘ಗಾಗಿ’. ‘ಮಳೆಗಾಗಿ ಪ್ರಾರ್ಥನೆ’ ಎಂದರೆ ಮಳೆ ಬರಲಿ ಎಂಬ ಬೇಡಿಕೆ. ‘ಮಗುವಿಗಾಗಿ ಹರಕೆ ಹೊತ್ತರು’ ಎಂದರೆ ಮಗು ಹುಟ್ಟಲಿ ಎಂದೂ ಆಗಬಹುದು, ಹುಟ್ಟಿದ ಮಗು ಚೆನ್ನಾಗಿರಲಿ ಎಂದೂ ಆಗಬಹುದು. ನಾನು ‘ಪೊಲೀಸರಿಗಾಗಿ ಪ್ರಾರ್ಥಿಸೋಣ’ ಎಂದು ಓದಿದಾಗ, ಹಾಸನದಿಂದ ಬಂದಿರುವ ನಮ್ಮ ಅತ್ತೆ ಪಕ್ಕಕ್ಕೆ ಬಾಗಿ, ‘ಯಾಕಪ್ಪಾ, ಈ ಊರಲ್ಲಿ ಪೊಲೀಸರು ಇಲ್ವಾ?’ ಎಂದು ಕೇಳಿದರು. ಅವರ ಕಿವಿಗೆ ಬಿದ್ದ ಅರ್ಥ ತಪ್ಪೆನ್ನಲು ನನಗೆ ಕಾರಣ ಸಿಗಲಿಲ್ಲ. ‘ಪೊಲೀಸರ ಪರವಾಗಿ’ ಎಂದರೆ ವಕೀಲರು ಕಕ್ಷಿದಾರನ ಪರ ನಿಂತಂತೆ, ಯಾವುದೋ ವ್ಯಾಜ್ಯದಲ್ಲಿ ನಾವು ಒಂದು ಕಡೆ ಸೇರಿದಂತೆ ಕೇಳಿಸುತ್ತದೆ. ‘ಪೊಲೀಸರನ್ನು ಪ್ರಾರ್ಥಿಸುವುದು’ ಎಂದರಂತೂ ಅದು ಠಾಣೆಗೆ ಕೊಡುವ ಅರ್ಜಿಯ ಭಾಷೆ.

ಹಾಗಾಗಿ ಸದ್ಯಕ್ಕೆ ‘ಪೊಲೀಸರ ಕ್ಷೇಮಕ್ಕಾಗಿ’ ಎಂದು ಬರೆದಿದ್ದೇನೆ. ಆದರೆ ಕ್ಷೇಮವೊಂದನ್ನೇ ಹೇಳಿದರೆ ಕೋರಿಕೆ ಕುಗ್ಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಹೋಗಿ ಅಪರಿಚಿತರ ಕಾರನ್ನು ನಿಲ್ಲಿಸಬೇಕಾದವರು ಸುರಕ್ಷಿತವಾಗಿ ಮನೆ ಸೇರಲಿ ಎಂಬುದರ ಜೊತೆಗೆ, ಸೊಂಟದಲ್ಲಿ ಬಂದೂಕಿರುವ ಅವರಿಗೆ ತಾಳ್ಮೆಯೂ ನ್ಯಾಯಬುದ್ಧಿಯೂ ಇರಲಿ ಎಂದು ಕೇಳುವುದು ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಪೊಲೀಸರು, ಶೆರಿಫ್ (ಕೌಂಟಿಯ ಕಾನೂನು ಪಾಲನೆಯ ಮುಖ್ಯಸ್ಥ) ಕಡೆಯವರು ಎಲ್ಲರನ್ನೂ ಒಟ್ಟಾಗಿ ಹೇಳಲು ‘ಕಾನೂನು ಜಾರಿ ಅಧಿಕಾರಿಗಳು’ ಎಂಬುದು ಪತ್ರಿಕೆಗಳ ರೂಢಿ. ಅರಬ್ಬಿಯಿಂದ ಬಂದ ಈ ‘ಜಾರಿ’ ನಮ್ಮ ‘ಜಾರಿ ಬಿದ್ದ’ ಎಂಬಲ್ಲಿಯ ಜಾರಿಯೊಡನೆ ಬೆರೆಯುತ್ತದೆ. ಜೊತೆಗೆ ‘ಜಾರಿ ಅಧಿಕಾರಿಗಳು’ ಎಂದೊಡನೆ ಜಾರಿ ನಿರ್ದೇಶನಾಲಯದ ದಾಳಿಗಳು ನೆನಪಾಗುತ್ತವೆ. ‘ಆರಕ್ಷಕರು’ ಎಂಬ ಪದದೊಳಗೇ ರಕ್ಷೆ ಇರುವುದರಿಂದ ಪ್ರಾರ್ಥನೆಗೆ ಅದು ಹೆಚ್ಚು ಒಪ್ಪುತ್ತದೆಂದು ನನ್ನ ಭಾವನೆ.

ಕೌಂಟಿಯ ಹುದ್ದೆಗಳದ್ದು ಬೇರೆ ತೊಡಕು. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಪ್ರತಿಯೊಂದರಲ್ಲೂ ಒಬ್ಬ ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರುಗಳು ಸೇರಿದ ‘ಕಮಿಷನರ್ಸ್ ಕೋರ್ಟ್’ ಇರುತ್ತದೆ. ಹೆಸರು ಕೋರ್ಟ್ ಆದರೂ ಅದು ಆಯವ್ಯಯ, ರಸ್ತೆ, ತೆರಿಗೆಯ ದರ ಇಂಥವನ್ನು ತೀರ್ಮಾನಿಸುವ ಆಡಳಿತ ಮಂಡಳಿ. ‘ಕೌಂಟಿ ನ್ಯಾಯಾಧೀಶರು’ ಎಂದು ಬರೆದರೆ ಆ ಮಂಡಳಿಯ ಅಧ್ಯಕ್ಷರು ಕಣ್ಣಮುಂದೆ ಬರುವುದಿಲ್ಲ. ಕಮಿಷನರ್ ಎಂದರೆ ನಮಗೆ ಸರ್ಕಾರ ನೇಮಿಸಿದ ದೊಡ್ಡ ಅಧಿಕಾರಿ. ಇಲ್ಲಿ ಅವರು ಜನರು ಆರಿಸಿದವರು. ‘ಡೆಪ್ಯುಟಿ’ ಎಂದರೆ ನಮ್ಮವರಿಗೆ ಡಿ.ಸಿ. ಸಾಹೇಬರ ನೆನಪು; ಇಲ್ಲಿ ಆತ ಶೆರಿಫ್ ಕೈಕೆಳಗೆ ಗಸ್ತು ತಿರುಗುವ ಸಿಬ್ಬಂದಿ. ನಾಲ್ಕು ವರ್ಷಗಳಿಗೊಮ್ಮೆ ಚುನಾಯಿತರಾಗುವ, ಕೌಂಟಿಯ ಜೈಲನ್ನೂ ನೋಡಿಕೊಳ್ಳುವ ಶೆರಿಫ್‌ಗೆ ಕನ್ನಡದಲ್ಲಿ ಸಮನಾದ ಪದವಿಲ್ಲವಾದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ನಾಯಕರು’ ಎಂದರೆ ಪಕ್ಷದ ಮುಖಂಡರೆನಿಸುವುದರಿಂದ ‘ಕೌಂಟಿಯ ಆಡಳಿತಗಾರರು’ ಎಂದಿದ್ದೇನೆ.

ನನ್ನ ಕರಡಿನ ಸಾಲು ಹೀಗಿದೆ: ‘ನಮ್ಮ ಊರಿನ ಆರಕ್ಷಕರನ್ನೂ ಶೆರಿಫರನ್ನೂ ದೇವರು ಕಾಪಾಡಲಿ, ಅವರಿಗೆ ತಾಳ್ಮೆಯನ್ನೂ ಕೌಂಟಿಯ ಆಡಳಿತಗಾರರಿಗೆ ವಿವೇಕವನ್ನೂ ಕೊಡಲಿ.’ ಇಲ್ಲಿ ‘ಗಾಗಿ’ಯ ಕೆಲಸವನ್ನು ‘ಲಿ’ ಮಾಡುತ್ತಿದೆ. ಆದರೆ ಶೀರ್ಷಿಕೆಯಲ್ಲಿ ‘ಲಿ’ಗೆ ಜಾಗವಿಲ್ಲ. ಮಂಗಳೂರು, ಧಾರವಾಡ ಕಡೆಯ ಸಭೆಗಳಲ್ಲಿ ಇಂಥ ಪ್ರಾರ್ಥನೆಗೆ ತಲೆಬರಹವಾಗಿ ಏನೆಂದು ಬರೆಯುತ್ತಾರೆ? ‘ಗೋಸ್ಕರ’ ಎಂದರೆ ಈ ಗೊಂದಲ ತಪ್ಪುತ್ತದೆಯೇ?