ಸಣ್ಣ ಆಫೀಸಿಗೆ ಕಮ್ಮಿ ಬಜೆಟ್ಟಿನ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್ ಸಾಕಾ?

ಬಿಲ್‌ಬುಕ್:
ಎಲ್ರಿಗೂ ನಮಸ್ಕಾರ. ನಮ್ದು ಐದಾರು ಜನ ಇರೋ ಆಫೀಸು. ಒಂದು ವಿಂಡೋಸ್ 10 ಡೆಸ್ಕ್‌ಟಾಪಲ್ಲಿ ಫೋಲ್ಡರ್ ಶೇರ್ ಮಾಡಿಟ್ಟಿದೀವಿ, ಬಿಲ್ಲು, ಲೆಕ್ಕದ ಸಾಫ್ಟ್‌ವೇರ್ ಡೇಟಾ, ಎಕ್ಸೆಲ್ ಎಲ್ಲ ಅದ್ರಲ್ಲೇ, ಪಾಸ್‌ವರ್ಡ್ ಏನಿಲ್ಲ, ಎಲ್ರೂ ಅಲ್ಲಿಂದಾನೇ ಓಪನ್ ಮಾಡ್ತಾರೆ. ಪ್ರಿಂಟರ್ ಸ್ಕ್ಯಾನರ್ ಎರಡೂ ಇರೋ ಒಂದು ಹಳೇ ಮಷಿನ್ನೂ ಅದೇ ನೆಟ್‌ವರ್ಕಲ್ಲಿದೆ. ಈಗ ಇನ್ನಿಬ್ರು ಸೇರ್ತಿದಾರೆ, ಅವ್ರಿಗೆ ಲ್ಯಾಪ್‌ಟಾಪ್ ತಗೋಬೇಕು, ಬಜೆಟ್ ತುಂಬಾ ಕಮ್ಮಿ. ಹೊಸದ್ರಲ್ಲಿ ಎಲ್ಲಕ್ಕಿಂತ ಅಗ್ಗ ಅಂದ್ರೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರೋದು. ಫೈಲೆಲ್ಲ ಡೆಸ್ಕ್‌ಟಾಪಲ್ಲೇ ಇರತ್ತಲ್ಲ, ಇಷ್ಟು ಸಾಕಲ್ವಾ? ಹೋಮ್ ಎಡಿಷನ್ ತಗೊಳ್ಳೋದಾ ಪ್ರೊನಾ? ವೈಫೈಲೇ ನಡೆಯತ್ತಾ?

ಪ್ಯಾಚ್‌ಕಾರ್ಡ್:
ದಯವಿಟ್ಟು ಆ 64 ಜಿಬಿದು ಮಾತ್ರ ತಗೋಬೇಡಿ. ಫೈಲು ಡೆಸ್ಕ್‌ಟಾಪಲ್ಲಿದ್ರೂ ಅದನ್ನ ತೆಗೆಯೋ ಪ್ರೋಗ್ರಾಮು ಓಡೋದು ಲ್ಯಾಪ್‌ಟಾಪಿನ ರ‍್ಯಾಮಲ್ಲೇ ತಾನೇ. 4 ಜಿಬಿ, 64 ಜಿಬಿ ಅನ್ನೋದು ವಿಂಡೋಸ್ 11 ಇನ್‌ಸ್ಟಾಲ್ ಆಗೋಕೆ ಬೇಕಾದ ಕನಿಷ್ಠ, ಕೆಲಸ ಮಾಡೋಕೆ ಅಲ್ಲ. ಬ್ರೌಸರ್ರಲ್ಲಿ ನಾಲ್ಕು ಟ್ಯಾಬ್, ಒಂದು ಎಕ್ಸೆಲ್, ಮೇಲ್ ಇಷ್ಟು ತೆಗೆದ್ರೆ ಮುಗೀತು, ಕರ್ಸರ್ ತಿರುಗ್ತಾನೇ ಇರತ್ತೆ. ಜೊತೆಗೆ ಆ ರೇಂಜಲ್ಲಿ ಬರೋ ಸ್ಟೋರೇಜ್ ಸಾಮಾನ್ಯವಾಗಿ ಇಎಂಎಂಸಿ, ಎಸ್‌ಎಸ್‌ಡಿ ಅಲ್ಲ, ನಿಧಾನ, ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ರ‍್ಯಾಮೂ ಹೆಚ್ಚಿನದ್ರಲ್ಲಿ ಹಂಗೇ. ಆಮೇಲೆ ಏರಿಸೋಣ ಅಂದ್ರೆ ಆಗಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದಾಗ ಜಾಗಾನೇ ಸಾಲಲ್ಲ.

ಅದೇ ದುಡ್ಡಿಗೆ ರಿಫರ್ಬಿಶ್ಡ್, ಅಂದ್ರೆ ಬಳಸಿದ್ದನ್ನ ಸರಿ ಮಾಡಿ ಮಾರೋ, ಬಿಸಿನೆಸ್ ಸೀರೀಸ್ ನೋಡಿ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5490, ಎಲೈಟ್‌ಬುಕ್ 840 ಜಿ5, ಈ ಮೂರೂ 2018ರ ಸುಮಾರಿನವು, ಮೂರರಲ್ಲೂ ಎರಡು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಬದಲಾಯಿಸಬಹುದು, ಪಕ್ಕದಲ್ಲಿ ನೆಟ್‌ವರ್ಕ್ ಕೇಬಲ್ ಚುಚ್ಚೋ ಲ್ಯಾನ್ ಪೋರ್ಟ್ ಇದೆ. 8 ಜಿಬಿ, 256 ಜಿಬಿ ಎಸ್‌ಎಸ್‌ಡಿ ಇದ್ರೆ ಆಫೀಸ್ ಕೆಲಸಕ್ಕೆ ಆರಾಮು. ಒಂದೇ ಒಂದು ಎಚ್ಚರಿಕೆ, ಇದೇ ಮಾಡೆಲ್ ಹೆಸರಲ್ಲಿ 7ನೇ ಜನರೇಷನ್ ಪ್ರೊಸೆಸರ್ ಇರೋವೂ ಬಂದಿದ್ವು, ಇಂಟೆಲ್‌ನಲ್ಲಿ ವಿಂಡೋಸ್ 11ಗೆ 8ನೇದು ಅಥವಾ ಮೇಲಿಂದೇ ಬೇಕು. ಐ5-8250ಯು, 8350ಯು ಅಂತ ಇದೆಯಾ ನೋಡಿ, 7300ಯು ಅಂತಿದ್ರೆ ಬಿಟ್ಬಿಡಿ.

ತಂತಿಮನೆ:
ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ವೈಫೈ ಬಗ್ಗೆ ಹೇಳ್ತೀನಿ. ಮೇಲ್, ಬ್ರೌಸರ್‌ಗೆ ವೈಫೈ ಸಾಕು, ಆದ್ರೆ ಲೆಕ್ಕದ ಡೇಟಾ ಫೈಲನ್ನ ಶೇರ್ಡ್ ಫೋಲ್ಡರ್‌ನಿಂದ ನೇರವಾಗಿ ತೆಗೆದು ಎಂಟ್ರಿ ಹಾಕ್ತೀರಲ್ಲ, ಸೇವ್ ಆಗ್ತಿರೋ ಹೊತ್ತಲ್ಲಿ ವೈಫೈ ಒಂದು ಸೆಕೆಂಡ್ ಕಟ್ಟಾದ್ರೂ ಆ ಫೈಲ್ ಕರಪ್ಟ್ ಆಗೋ ಚಾನ್ಸ್ ಇದೆ, ಒಬ್ರ ಲ್ಯಾಪ್‌ಟಾಪಿಂದ ಎಲ್ರ ಲೆಕ್ಕ ನಿಂತೋಗತ್ತೆ. ಎಂಟ್ರಿ ಹಾಕೋರಿಗೆ ವೈರ್ ಕೊಡ್ಲೇಬೇಕು. ಲ್ಯಾನ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್ ತಗೊಂಡ್ರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಹಾಕಿ. ಸ್ವಿಚ್ (ನೆಟ್‌ವರ್ಕ್ ಕೇಬಲೆಲ್ಲ ಬಂದು ಸೇರೋ ಡಬ್ಬ) ಹಳೇ 100 ಎಂಬಿಪಿಎಸ್‌ದಾ ಅಂತನೂ ನೋಡ್ಕೊಳ್ಳಿ, ಅದ್ರಲ್ಲಿ ಸೆಕೆಂಡಿಗೆ ಹೆಚ್ಚಂದ್ರೆ 12 ಎಂಬಿ ಹೋಗತ್ತೆ, ಗಿಗಾಬಿಟ್‌ದ್ರಲ್ಲಿ 110ರ ಹತ್ರ. ಎಷ್ಟೋ ಸಲ ಲ್ಯಾಪ್‌ಟಾಪ್ ಸ್ಲೋ ಅಂತ ಬೈತಿರ್ತಾರೆ, ಸ್ಲೋ ಇರೋದು ಸ್ವಿಚ್ಚು.

ಸರ್ವರ್ ಗಿರ್ವರ್ ಬೇಡ ನಿಮ್ಗೆ, ಮಾಮೂಲಿ ವಿಂಡೋಸ್ ಶೇರಿಂಗ್ 20 ಕನೆಕ್ಷನ್ ತನಕ ಬಿಡತ್ತೆ.

ನೆಟ್‌ವರ್ಕ್‌ನಾಡಿ:
ಹೋಮ್ಮಾ ಪ್ರೊನಾ ಅಂದ್ರಲ್ಲ. ಶೇರ್ಡ್ ಫೋಲ್ಡರ್ ತೆಗೆಯೋಕೆ, ಪ್ರಿಂಟ್ ಕೊಡೋಕೆ ಹೋಮ್ ಸಾಕು. ಡೊಮೇನ್‌ಗೆ (ಆಫೀಸಿನ ಎಲ್ಲ ಕಂಪ್ಯೂಟರನ್ನ ಒಂದೇ ಕಡೆಯಿಂದ ನಿಭಾಯಿಸೋ ವ್ಯವಸ್ಥೆ) ಸೇರಿಸ್ಬೇಕು ಇಲ್ಲಾ ಆ ಲ್ಯಾಪ್‌ಟಾಪಿಗೆ ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪಲ್ಲಿ ಬರ್ಬೇಕು ಅಂದ್ರೆ ಮಾತ್ರ ಪ್ರೊ. ಬಿಸಿನೆಸ್ ಸೀರೀಸಲ್ಲಿ ಹೆಚ್ಚಾಗಿ ಪ್ರೊ ಲೈಸೆನ್ಸೇ ಇರತ್ತೆ, ಒಳ್ಳೇದೇ. ಎಸ್ ಮೋಡ್ (ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಮಾತ್ರ ಹಾಕೋಕೆ ಬಿಡೋದು) ಅಂತ ಬರ್ದಿರೋ ಹೊಸದು ಸಿಕ್ರೆ ಗಾಬರಿ ಬೇಡ, ಫ್ರೀಯಾಗಿ ಆಚೆ ಬರಬಹುದು, ವಾಪಸ್ ಹೋಗೋಕಾಗಲ್ಲ ಅಷ್ಟೇ.

ಆದ್ರೆ ವಿಂಡೋಸ್ 11 ಪ್ರೊ 24ಎಚ್2 ಅನ್ನೋ ಅಪ್‌ಡೇಟ್ ಬಂದ್ಮೇಲೆ ಒಂದು ತೊಂದ್ರೆ ಶುರುವಾಗಿದೆ, ಪಾಸ್‌ವರ್ಡ್ ಇಲ್ಲದ ಶೇರ್ ಅದು ಓಪನ್ ಮಾಡಲ್ಲ. ನಿಮ್ದು ಹಂಗೇ ಇರೋದು. ಹೊಸ ಲ್ಯಾಪ್‌ಟಾಪ್ ಹಾಕಿದ ದಿನವೇ ಎಲ್ರಿಗೂ ಫೋಲ್ಡರ್ ಬರ್ತಿದೆ ನಮ್ಗೆ ಬರ್ತಿಲ್ಲ ಅಂತಾರೆ. ಇಂಟರ್‌ನೆಟ್ಟಲ್ಲಿ ಹುಡುಕಿದ್ರೆ ಸೈನಿಂಗ್ (ಡೇಟಾನ ದಾರಿಲಿ ಯಾರೂ ತಿದ್ದಿಲ್ಲ ಅಂತ ನೋಡೋ ರಕ್ಷಣೆ) ಆಫ್ ಮಾಡಿ, ಗೆಸ್ಟ್ (ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡೋದು) ಆನ್ ಮಾಡಿ ಅಂತ ರಿಜಿಸ್ಟ್ರಿ, ಅಂದ್ರೆ ವಿಂಡೋಸ್ ಒಳಗಿನ ಸೆಟ್ಟಿಂಗ್, ತಿದ್ದೋ ಟ್ರಿಕ್ ಸಿಗತ್ತೆ, ಅದನ್ನ ಮಾಡ್ಬೇಡಿ. ಡೆಸ್ಕ್‌ಟಾಪಲ್ಲಿ ಒಬ್ಬೊಬ್ರಿಗೂ ಒಂದು ಯೂಸರ್, ಪಾಸ್‌ವರ್ಡ್ ಮಾಡಿ, ಫೋಲ್ಡರ್‌ಗೆ ಅವ್ರಿಗೆ ಪರ್ಮಿಷನ್ ಕೊಡಿ, ಲ್ಯಾಪ್‌ಟಾಪಲ್ಲಿ ಒಂದ್ಸಲ ಹಾಕಿ ರಿಮೆಂಬರ್ ಕೊಟ್ರೆ ಆಯ್ತು.

ಬಿಲ್‌ಬುಕ್:
ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ಯಾರೂ ಹೇಳಿರ್ಲಿಲ್ಲ. ಹಂಗಾದ್ರೆ ರಿಫರ್ಬಿಶ್ಡ್‌ಗೇ ಹೋಗ್ತೀನಿ, ದುಡ್ಡು ಕೊಡೋ ಮುಂಚೆ ಏನೇನು ಚೆಕ್ ಮಾಡ್ಲಿ? ಮತ್ತೆ ಸ್ಕ್ಯಾನರ್ ಈಗ ಡೆಸ್ಕ್‌ಟಾಪಿನ ಫೋಲ್ಡರ್‌ಗೇ ಸ್ಕ್ಯಾನ್ ಹಾಕತ್ತೆ, ಅದಕ್ಕೇನಾದ್ರೂ ಆಗತ್ತಾ?

ಪ್ಯಾಚ್‌ಕಾರ್ಡ್:
ಮೊದ್ಲು ಆಫ್ ಮಾಡಿ ಆನ್ ಮಾಡಿ ಬಯಾಸ್ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದ್ರೆ ಆ ಪೀಸ್ ಬೇಡ. ವಿಂಡೋಸನ್ನ ರೀಸೆಟ್ ಮಾಡ್ಸಿ ಸೆಟಪ್ ಕೊನೇ ತನಕ ನೋಡಿ, ಯಾವ್ದೋ ಕಂಪನಿ ಹೆಸರು ತೋರಿಸಿ ಅವ್ರ ಲಾಗಿನ್ ಕೇಳಿದ್ರೂ ಬೇಡ, ಅವ್ರು ಬಿಡೋ ತನಕ ಅದು ನಿಮ್ದಾಗಲ್ಲ. ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ ಸ್ಲ್ಯಾಶ್ ಬ್ಯಾಟರಿರಿಪೋರ್ಟ್ (powercfg /batteryreport) ಕೊಟ್ರೆ ಒಂದು ಪೇಜ್ ಬರತ್ತೆ, ಅದ್ರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡೂ ಇರತ್ತೆ, ಎರಡನೇದು ಮೊದಲನೇದ್ರ ಅರ್ಧಕ್ಕಿಂತ ಕಮ್ಮಿ ಇದ್ರೆ ಹೊಸ ಬ್ಯಾಟರಿ ಹಾಕಿಸ್ಕೊಳ್ಳಿ. ಟಚ್‌ಪ್ಯಾಡ್ ಉಬ್ಬಿದ್ರೆ ಒಳಗೆ ಬ್ಯಾಟರಿ ಊದಿದೆ ಅಂತ, ಮುಟ್ಟೋಕೇ ಹೋಗ್ಬೇಡಿ. ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿ ಲೈಟ್ ಬರತ್ತಾ ಅಂತನೂ ನೋಡಿ.

ನೆಟ್‌ವರ್ಕ್‌ನಾಡಿ:
ಸ್ಕ್ಯಾನರ್ ಈಗ ಡೆಸ್ಕ್‌ಟಾಪಿಗೆ ಹಾಕ್ತಿರೋದು ಹಂಗೇ ನಡೆಯತ್ತೆ, ಆದ್ರೆ ಯೂಸರ್ ಮಾಡಿದ್ಮೇಲೆ ಸ್ಕ್ಯಾನರಿನ ಸೆಟ್ಟಿಂಗಲ್ಲೂ ಒಂದು ಯೂಸರ್, ಪಾಸ್‌ವರ್ಡ್ ಹಾಕ್ಬೇಕು. ನಿಜವಾದ ಸಮಸ್ಯೆ ಆ ಡೆಸ್ಕ್‌ಟಾಪೇ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗಿದಿದೆ, ನಿಮ್ಮ ಎಲ್ಲಾ ಫೈಲೂ ಇರೋದು ಅದ್ರಲ್ಲಿ. ಅದನ್ನ ಬದಲಾಯಿಸಿದಾಗ ಸ್ಕ್ಯಾನರ್ ಎಸ್‌ಎಂಬಿ 1 (ವಿಂಡೋಸ್ ಫೈಲ್ ಶೇರಿಂಗಿನ ಹಳೇ ವಿಧಾನ) ಮಾತ್ರ ಮಾತಾಡೋ ಹಳೇದಾಗಿದ್ರೆ ಮಾಮೂಲಿ ಸೆಟ್ಟಿಂಗಲ್ಲಿ ವಿಂಡೋಸ್ 11 ಜೊತೆ ಹೊಂದಲ್ಲ, ಆಗ ಸ್ಕ್ಯಾನ್ ಟು ಇಮೇಲ್ ಇಲ್ಲಾ ಎಫ್‌ಟಿಪಿ (ಫೈಲ್ ಕಳಿಸೋ ಇನ್ನೊಂದು ವಿಧಾನ) ನೋಡ್ಬೇಕು. ಈ ವಾರ ಲ್ಯಾಪ್‌ಟಾಪ್ ತರೋಕೆ ಹೋದಾಗ ಒಂದು ಎಕ್ಸ್‌ಟರ್ನಲ್ ಡಿಸ್ಕೂ ತನ್ನಿ, ಡೆಸ್ಕ್‌ಟಾಪಿಗೆ ಕೈ ಹಾಕೋ ಮುಂಚೆ ಡೇಟಾ ಎಲ್ಲ ಅದಕ್ಕೆ ಕಾಪಿ ಮಾಡಿ, ಕಾಪಿಯಿಂದ ನಾಲ್ಕೈದು ಫೈಲ್ ತೆಗೆದು ನೋಡಿ, ಆಮೇಲೆ ಮಿಕ್ಕಿದ್ದು.