ಸಹಾಯ ಬೇಕು: ಹಳೇ ಮನೆಯನ್ನು ಫ್ರಾಂಚೈಸಿ ಅಂಗಡಿ ಮಾಡಲು ನಕ್ಷೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ದಿನಸಿ, ಹಾಲು, ತಂಪುಪಾನೀಯದ ಫ್ರಾಂಚೈಸಿ ಅಂಗಡಿ ತೆರೆಯಬೇಕು ಅಂತ ಇದ್ದೇವೆ. ಕಂಪನಿಯವರು ಲೇಔಟ್ ಕಳಿಸಿದ್ದಾರೆ. ನೋಡೋಕೆ ಚೆನ್ನಾಗಿದೆ, ಆದರೆ ಅದು ಖಾಲಿ ಹಾಲ್‌ಗೆ ಮಾಡಿದ್ದು. ಪೋರ್ಟಿಕೋದಲ್ಲಿ ಅವರು ದೊಡ್ಡ ಫ್ರಿಜ್ ತೋರಿಸಿರುವ ಜಾಗದಲ್ಲೇ ನಮ್ಮ ಸಂಪಿನ ಮುಚ್ಚಳ ಇದೆ! ಹಾಲ್ ಮತ್ತು ರೂಮಿನ ನಡುವಿನ ಗೋಡೆಯನ್ನೂ ತೆಗೆಯಬೇಕಂತೆ. ಅದು 9 ಇಂಚಿನ ಗೋಡೆ. ಮನೆಗೆ ಪಿಲ್ಲರ್ ಇಲ್ಲ, ಮೇಲಿನ ಮಹಡಿಯ ಭಾರವೆಲ್ಲ ಅದರ ಮೇಲೇ. ಬೀಮ್ ಕೊಡದೆ ಮುಟ್ಟೋ ಹಾಗಿಲ್ಲ ಅಲ್ವಾ?

ಜಾಸ್ತಿ ತಲೆನೋವು ರ‍್ಯಾಂಪಿನದು. ಗಾಲಿಕುರ್ಚಿಗೆ 1:12 ಇಳಿಜಾರು ಬೇಕು, ಅಂದರೆ 1 ಅಡಿ ಏರೋಕೆ 12 ಅಡಿ ಉದ್ದ. ನಮ್ಮ ನೆಲ ರಸ್ತೆಗಿಂತ 2 ಅಡಿ ಎತ್ತರ, ಅಂದರೆ 24 ಅಡಿ ಉದ್ದದ ರ‍್ಯಾಂಪ್. ಮುಂದೆ ಇರೋದು 10 ಅಡಿ ಜಾಗ. ಮಧ್ಯೆ ತಿರುವು ಕೊಟ್ಟು ಕಟ್ಟಿದವರು ಇದ್ದರೆ ದಯವಿಟ್ಟು ಫೋಟೋ ಹಾಕಿ. ಸುಮ್ನೆ ಕಡಿದಾಗಿ ಕಟ್ಟಿ ಕೈ ತೊಳೆದುಕೊಳ್ಳೋಕೆ ನನಗೆ ಇಷ್ಟವಿಲ್ಲ.

ಕರೆಂಟಿಗೆ ತ್ರೀ ಫೇಸ್ ಕಮರ್ಷಿಯಲ್ ಕನೆಕ್ಷನ್ ತಗೋತೇವೆ, ಅದು ಸರಿ. ಆದರೆ ವಾಸದ ಮನೆಯನ್ನು ಅಂಗಡಿ ಮಾಡೋಕೆ ಬಳಕೆ ಬದಲಾವಣೆಯ ಅನುಮತಿ ಮೊದಲು ತಗೋಬೇಕಾ, ಇಲ್ಲಾ ಪಾಲಿಕೆಗೆ ಕೊಡುವ ನಕ್ಷೆ ಮೊದಲು ಮಾಡಿಸಬೇಕಾ? ಹಳೇ ಮನೆಯನ್ನು ಅಳತೆ ಮಾಡಿ, ಕಂಪನಿಗೂ ಪಾಲಿಕೆಗೂ ಹೊಂದುವ ಹಾಗೆ ನಕ್ಷೆ ಮಾಡಿಕೊಡುವ ಲೈಸೆನ್ಸ್ ಇರುವ ಎಂಜಿನಿಯರ್ ಗೊತ್ತಿದ್ದರೆ ಮೆಸೇಜ್ ಮಾಡಿ. ಫೀಸು ಚದರಡಿ ಲೆಕ್ಕವೋ, ಒಟ್ಟು ಮೊತ್ತವೋ ಅದನ್ನೂ ತಿಳಿಸಿ.